ಮೂರು ಪೆಟ್ಟಿಗೆ, ಮೂರು ಜರಡಿ

ಸೋಮವಾರ, ಬೆಳಗ್ಗೆ ಹತ್ತು ಗಂಟೆ. ಶಂಕರಪುರದ ನಮ್ಮ ಸಂಗೀತ ಸಭೆಯ ಕಚೇರಿಯಲ್ಲಿ ಹಾಜರಿದ್ದವರು: ಅಧ್ಯಕ್ಷೆ ಪದ್ಮಮ್ಮ, ಖಜಾಂಚಿ ಶ್ರೀಕಂಠಯ್ಯ, ಕಾರ್ಯದರ್ಶಿಯಾದ ನಾನು. ಗೈರುಹಾಜರಾದದ್ದು ನನ್ನ ನೆಮ್ಮದಿ. ಭಾನುವಾರ ಹಾಡಬೇಕಾದ ವಿದುಷಿಯಿಂದ ಒಪ್ಪಿಗೆಯ ಮೇಲ್ ಬಂದಿರಲಿಲ್ಲ. ಪ್ರವಾಸದಲ್ಲಿದ್ದ ಅವರು ಫೋನಿಗೂ ಸಿಗುತ್ತಿರಲಿಲ್ಲ. ಮಧ್ಯಾಹ್ನದೊಳಗೆ ಹೆಸರು ಕೊಡದಿದ್ದರೆ ಆಹ್ವಾನಪತ್ರಿಕೆ ಅಚ್ಚಾಗುವುದಿಲ್ಲ ಎಂದು ಚಾಮರಾಜಪೇಟೆಯ ಪ್ರೆಸ್ಸಿನವರು ಹೇಳಿಬಿಟ್ಟಿದ್ದರು.

ಹೆಡ್‌ಮಾಸ್ಟರಾಗಿ ನಿವೃತ್ತನಾದವನಿಗೆ ತೆರೆದ ಗೇಟು ಕಂಡರಾಗದು. ಸಭೆಯ ಮೇಲ್ ಸರ್ವರ್‌ನಲ್ಲಿ ಒಬ್ಬೊಬ್ಬರ ಪೆಟ್ಟಿಗೆಗೂ ಬೇರೆ ಬೇರೆ ಸ್ಪ್ಯಾಮ್ ಜರಡಿ ಕಟ್ಟಬಹುದೆಂದು ತಿಳಿದಾಗ, ಮತ್ತೆ ಕೆಲಸಕ್ಕೆ ಕರೆದರೇನೋ ಎಂಬಷ್ಟು ಹಿಗ್ಗಿದ್ದೆ. ಶ್ರೀಕಂಠಯ್ಯ, "ನಂಗೆ ಜರಡಿಗಿರಡಿ ಬೇಡ ಮೇಷ್ಟ್ರೇ. ಲಾಟರಿ ಮೇಲ್ ಓದ್ತಿದ್ರೆ ಒಂದು ಗಳಿಗೆ ಸಾಹುಕಾರ ಅನ್ಸತ್ತೆ" ಎಂದಿದ್ದರು. ಪದ್ಮಮ್ಮನವರಿಗೆ ಸಾಲ ಕೊಡುತ್ತೇವೆನ್ನುವವರ ಕಾಟ. ಆ ಮೇಲ್‌ಗಳ ತಲೆಯ ಮೇಲೆ "ತುರ್ತು" ಎಂದೇ ಇರುತ್ತಿದ್ದುದರಿಂದ, ಆ ಪದವಿದ್ದದ್ದೆಲ್ಲ ಸ್ಪ್ಯಾಮಿಗೆ ಹೋಗುವಂತೆ ಮಾಡಿದೆ. ನನ್ನ ಪೆಟ್ಟಿಗೆಗೆ ಶಾಲೆಯದೇ ನಿಯಮ: ವಿಷಯದ ಸಾಲು ಖಾಲಿ ಬಿಟ್ಟವರಿಗೆ ಪ್ರವೇಶವಿಲ್ಲ. ಜ್ವರದಲ್ಲಿ ನಡುಗುತ್ತಿದ್ದ ಡ್ರಿಲ್ ಮೇಷ್ಟರಿಂದಲೂ ರಜಾ ಅರ್ಜಿಯನ್ನು ಮತ್ತೆ ಬರೆಸಿದವನು ನಾನು.

"ಈ ಕಲಾವಿದರಿಗೆ ಶಿಸ್ತೇ ಇಲ್ಲ. ಭಾನುವಾರ ಜನ ಖಾಲಿ ವೇದಿಕೆ ನೋಡ್ಕೊಂಡು ಕೂತಿರ್ತಾರೆ!" ಎಂದು ಬೆವರೊರೆಸಿಕೊಂಡೆ.

ಶ್ರೀಕಂಠಯ್ಯ ಫೋನಿನಿಂದ ತಲೆಯೆತ್ತಿದರು. "ಬರ್ತಾರಲ್ಲ! ಮೊನ್ನೇನೇ ಮೂವರಿಗೂ ಬರೆದಿದಾರೆ. ವಿಷಯ ಗಿಷಯ ಏನೂ ಹಾಕಿಲ್ಲ, ನೆಟ್ಟಗೆ 'ಬರ್ತೀನಿ' ಅಂತ."

"ನಂಗೂ ಬಂದಿದೆ. ನೀವು ನೋಡಿರ್ತೀರ ಅಂತ ಸುಮ್ನಿದ್ದೆ" ಎಂದರು ಪದ್ಮಮ್ಮ.

ನಾನು ಅವರ ಕಡೆ ತಿರುಗಿದೆ. "ಮತ್ತೆ ನಾನು ದಿನಾ ನಿಮಗೆ ಬರೀತಿದ್ದೆನಲ್ಲಮ್ಮ, ಒಪ್ಪಿಗೆ ಬಂದಿಲ್ಲ, ಏನು ಮಾಡೋಣ ಅಂತ?"

"ನಿಮ್ಮಿಂದ ಒಂದೂ ಬಂದಿಲ್ವಲ್ಲ ಮೇಷ್ಟ್ರೇ. ಅದಕ್ಕೇ ವಾರದಿಂದ ಆರಾಮಾಗಿದೀನಿ."

ಅವರ ಸ್ಪ್ಯಾಮ್ ತೆರೆದು ನೋಡಿದೆ. ಸಾಲ ಕೊಡುವವರ ನಡುವೆ ನನ್ನ ಮೇಲ್‌ಗಳು ಬೆಳಗಿನ ಪ್ರಾರ್ಥನೆಯ ಸಾಲಿನಂತೆ ಶಿಸ್ತಾಗಿ ನಿಂತಿದ್ದವು. ಪ್ರತಿಯೊಂದರ ತಲೆಯ ಮೇಲೂ ನಾನೇ ಬರೆದ "ತುರ್ತು".

ನನ್ನ ಜರಡಿಯನ್ನು ಸಡಿಲಿಸಿದೆ. ಪದ್ಮಮ್ಮನವರದಕ್ಕೆ ಕೈ ಹಾಕುವಷ್ಟರಲ್ಲಿ, "ಅದು ಇರೋ ಹಾಗೇ ಇರ್ಲಿ ಬಿಡಿ" ಎಂದರು.

ಇನ್ನು ಉಳಿದ ಕೆಲಸ, ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ವಿದುಷಿಯ ಹೆಸರು ಕಳಿಸುವುದು. ಅಭ್ಯಾಸಬಲದಿಂದ "ತುರ್ತು" ಎಂದು ಬರೆದೆ, ಅಳಿಸಿದೆ, "ಆಹ್ವಾನಪತ್ರಿಕೆ" ಎಂದು ಬರೆದು ಕಳಿಸಿದೆ. ಆಮೇಲೆ, ಅಲ್ಲಿ ಯಾವ ಹೆಡ್‌ಮಾಸ್ಟರು ಜರಡಿ ಹಿಡಿದು ಕೂತಿದ್ದಾರೋ ಎಂಬ ಭಯದಿಂದ, ಅದೇ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ನಡೆದೇ ಹೋಗಿ ಕೊಟ್ಟು ಬಂದೆ.