ಮೂರನೇ ಇಯತ್ತೆಯ ಬಾಗಿಲು

ಕುಪ್ಪನ ಹೆಗಲ ಮೇಲಿನ ಕೊಡ ಒಮ್ಮೆ ತುಳುಕಿತು. ದುರ್ಗಮ್ಮನ ಒಲೆ ಚುಂಯ್ ಎಂದು ಆರಿತು.

"ಗಂಗಿ ಇದ್ದಾಗ ಒಂದು ಹನಿ ಚೆಲ್ಲಿದ್ದಿಲ್ಲ" ಎಂದಳು ದುರ್ಗಮ್ಮ. "ಹೆಂಡ್ತಿ ಓಡ್ಸಿ ಈಗ ನೀರು ಹೊರೂಕೆ ಬಂದ."

"ಓಡ್ಸಿದ್ದು ನಾನಲ್ಲ, ನಿನ್ನ ಬಾಯಿ" ಎಂದ ಕುಪ್ಪ.

ಅದರಲ್ಲಿ ಸುಳ್ಳಿರಲಿಲ್ಲ. ಅವರೆಲ್ಲ ಬಾಡಿಗೆಗಿದ್ದ, ಕರ್ಕಿಯ ಆಚೆಗಿನ ಹಳೇ ಶಾಲೆಯನ್ನು ಕಟ್ಟಿದವರು ಹುಡುಗರನ್ನು ಚೆನ್ನಾಗಿ ಬಲ್ಲವರು. ಉದ್ದನೆಯ ಒಂದೇ ಹೆಂಚಿನ ಮಾಡು, ಮೂರು ಇಯತ್ತೆಗೆ ಸಾಲಾಗಿ ಮೂರು ಕೋಣೆ, ನಡುವೆ ಹಾಯಲು ಸಂದು ಬಿಟ್ಟ ಎದೆಮಟ್ಟದ ಅಡ್ಡಗೋಡೆ. ಹೊರಬಾಗಿಲು ಮಾತ್ರ ಒಂದೇ, ಅದೂ ಒಂದನೇ ಇಯತ್ತೆಯಲ್ಲಿ, ಮಾಸ್ತರರ ಮೇಜಿನ ಪಕ್ಕ. ಓಡಿಹೋಗುವವನು ಅವರ ಕಣ್ಣೆದುರೇ ಓಡಬೇಕು. ಐವತ್ತೆಂಟನೇ ಇಸವಿಯಲ್ಲಿ ಶಾಲೆ ಹೊಸ ಕಟ್ಟಡಕ್ಕೆ ಹೋದಮೇಲೆ ಒಡೆಯರು ಹಳೆಯದನ್ನು ಮೂರು ಮನೆ ಮಾಡಿ ಬಾಡಿಗೆಗೆ ಕೊಟ್ಟರು. ಮೇಜಿದ್ದಲ್ಲಿ ದುರ್ಗಮ್ಮನ ಒಲೆ ಬಂತು. ಎರಡನೆಯದಕ್ಕೆ ದರ್ಜಿ ನಾರಾಯಣ ಬಂದ. ಕೊನೆಯ ಮೂರನೆಯದು ಕುಪ್ಪನದು. ಅವನ ಮನೆಯ ಮೀನು, ಅಕ್ಕಿ, ನೆಂಟರು ಎಲ್ಲ ದುರ್ಗಮ್ಮನ ವಿಚಾರಣೆ ಮುಗಿಸಿಯೇ ಒಳಗೆ ಹೋಗಬೇಕು. ಬೇಸತ್ತ ಗಂಗಿ, "ನಂಗೆ ನಂದೇ ಬಾಗ್ಲು ಆದ್ಮೇಲೆ ಕಾಗದ ಹಾಕು, ಬತ್ತೆ" ಎಂದು ಸಂತೆಗುಳಿಯ ತವರಿಗೆ ಹೋಗಿ ಮಳೆಗಾಲವೇ ಕಳೆದಿತ್ತು. ಕುಪ್ಪ ಆಗಲೇ ಅಂಚೆ ಕಾರ್ಡು ತಂದಿಟ್ಟಿದ್ದ, ಬರೆಯಲು ಬಾಗಿಲಿರಲಿಲ್ಲ.

ಅಂದು ಕೊಡ ಇಳಿಸಿದವನೇ ಪಿಕ್ಕಾಸು ಎತ್ತಿ ತನ್ನ ಮನೆಯ ಹಿತ್ತಲ ಕಡೆಯ ಗೋಡೆಗೆ ಹೊಡೆದ.

ಮೊಳ ದಪ್ಪದ ಚಿರೆಕಲ್ಲಿನ ಗೋಡೆ ಪಿಕ್ಕಾಸನ್ನೂ ಕುಪ್ಪನನ್ನೂ ಒಟ್ಟಿಗೇ ಹಿಂದಕ್ಕೆ ತಳ್ಳಿತು. ಮೂರನೇ ಏಟಿಗೆ ಕರಿಹಲಗೆಗೆಂದು ಕಪ್ಪು ಬಳಿದಿದ್ದ ಗಾರೆ ಕಿತ್ತುಬಂತು. ಅದರ ಕಪ್ಪು ಧೂಳು ಅಡ್ಡಗೋಡೆ ಹಾರಿ, ನಾರಾಯಣ ಹೊಲಿಯುತ್ತಿದ್ದ ಮದುಮಗನ ಬಿಳಿ ಅಂಗಿಯ ಮೇಲೆ ಇಳಿಯಿತು.

"ಮದಿಮಗ ಇದ್ಲಿ ಮಾರೂಕೆ ಹೊಂಟಂಗೆ ಕಾಣ್ತದ್ಯಲ್ಲೋ" ಎಂದ ನಾರಾಯಣ. "ಒಡೇರು ಕೇಳಿದ್ರೆ ಎಂತ ಹೇಳ್ತೆ?"

"ಒಡೇರು ಬಾಡಿಗೆ ಕೇಳ್ಲಿ. ಬಾಗ್ಲು ಕೇಳೂದು ಬ್ಯಾಡ."

"ಮಾಡು ಬಿದ್ದು ಮೂರೂ ಇಯತ್ತೆ ಒಂದಾತದೆ" ಎಂದು ದುರ್ಗಮ್ಮ ಒಲೆಯ ಹತ್ತಿರದಿಂದಲೇ ಕೂಗಿದಳು.

"ಆಗ್ಲಿ. ಪಾಸಾಗೂದು ನಾನೊಬ್ನೇ."

ಮಧ್ಯಾಹ್ನಕ್ಕೆ ಬೆಳಕು ಕಂಡಿತು. ಜೊತೆಗೇ ಮೇಲಿನ ಸಾಲಿನ ಕಲ್ಲುಗಳೂ ಸಡಿಲಾದವು. ಕುಪ್ಪ ಪಿಕ್ಕಾಸು ಬಿಟ್ಟು ಎರಡೂ ಕೈಯಲ್ಲಿ ಗೋಡೆ ಹೊತ್ತು ನಿಂತ. ಯಕ್ಷಗಾನದಲ್ಲಿ ಮಾತು ಮರೆತ ವೇಷಧಾರಿಯ ಹಾಗೆ ಕಣ್ಣು ಮಾತ್ರ ತಿರುಗುತ್ತಿತ್ತು.

"ನೋಡ್ತಾ ನಿಂತ್ರಾ? ಹಿಡೀರಿ."

ಬೈಯುತ್ತಲೇ ನಾರಾಯಣ ಹೆಗಲು ಕೊಟ್ಟ. ಬೈಯುತ್ತಲೇ ದುರ್ಗಮ್ಮ ತನ್ನ ಹಲಸಿನ ತೊಲೆ ಎಳೆದು ತಂದಳು. ತೊಲೆ ಕೂತಿತು, ಕಲ್ಲು ನಿಂತವು. ಬಾಗಿಲು ಆಯಿತು.

ಕುಪ್ಪ ಹೊರಗೆ ಹೋಗಿ ಬಂದ. ಮತ್ತೊಮ್ಮೆ ಹೋಗಿ ಬಂದ. ಯಾರೂ ಎಂತದೂ ಕೇಳಲಿಲ್ಲ. ಎದೆಯುಬ್ಬಿಸಿ ಕಾರ್ಡು ತೆಗೆದು ಕೂತ.

"ಸ್ವಲ್ಪ ಸರಿ" ಎಂದು ದುರ್ಗಮ್ಮ ಕೊಡ ಹೊತ್ತು ಅವನನ್ನು ದಾಟಿದಳು. ಬಾವಿ ಇದ್ದದ್ದು ಹಿತ್ತಲಲ್ಲಿ. ಇಷ್ಟು ದಿನ ಎಲ್ಲರೂ ಶಾಲೆ ಸುತ್ತಿ ಹೋಗಬೇಕಿತ್ತು.

"ಇದು ನನ್ನ ಬಾಗ್ಲು ದುರ್ಗಮ್ಮಕ್ಕ."

"ತೊಲೆ ನಂದು. ಇಷ್ಟ್ ವರ್ಷ ನನ್ನೊಲೆ ಮುಂದೆ ಹಾಯ್ದ್ಯಲ್ಲ, ಬ್ಯಾಡ ಅಂದಿದ್ನಾ?"

ಅವಳ ಹಿಂದೆ ನಾರಾಯಣನ ಹೆಂಡತಿ, ಅಂಗಿ ತೊಳೆಯಲು ನಾರಾಯಣ, ಅಂಗಿ ಎಲ್ಲಿ ಎಂದು ಕೇಳುತ್ತ ಮದುಮಗ. ಕೊನೆಯ ಇಯತ್ತೆಗೆ ಅದುವರೆಗೆ ಕೆಲಸವಿಲ್ಲದೆ ಯಾರೂ ಬಂದದ್ದಿಲ್ಲ. ಸಂಜೆಯೊಳಗೆ ಅರ್ಧ ಕೇರಿ ಅದನ್ನು ದಾಟಿತು. ಯಾರದೋ ಆಡು ನಡುದಾರಿಯಲ್ಲಿ ನಿಂತು ಕುಪ್ಪನ ಚಾಪೆಯ ರುಚಿ ನೋಡಿತು.

ಸೀಸಕಡ್ಡಿ ಹಿಡಿದು ಕುಪ್ಪ ಬಹಳ ಹೊತ್ತು ಯೋಚಿಸಿದ. ಬಾಗಿಲು ಆಗಿಲ್ಲ ಎಂದರೆ ಸುಳ್ಳು, ಆಗಿದೆ ಎಂದರೆ ಅರ್ಧ ಸುಳ್ಳು. ಕೊನೆಗೆ ಬೆನ್ನು ನೆಟ್ಟಗೆ ಮಾಡಿ ಬರೆದ:

"ಗಂಗಿಗೆ. ಬಾಗಿಲು ಆಯಿತು. ಇನ್ನು ನಾವು ಯಾರ ಒಲೆ ಮುಂದೆಯೂ ಹಾಯುವುದಿಲ್ಲ. ಎಲ್ಲರೂ ನಮ್ಮ ಒಲೆ ಮುಂದೆ ಹಾಯುತ್ತಾರೆ. ವಿಚಾರಣೆಗೆ ನಾನೊಬ್ಬ ಸಾಲುವುದಿಲ್ಲ. ಬೇಗ ಬಾ."

ದುರ್ಗಮ್ಮ ಪೇಟೆಗೆ ಹೊರಟಿದ್ದಳು. ಕುಪ್ಪ ಕಾರ್ಡನ್ನು ಅವಳ ಕೈಗೇ ಕೊಟ್ಟ.

"ಟಪಾಲು ಪೆಟ್ಟಿಗೆಗೆ ಹಾಕು ಅಕ್ಕ. ತಡ ಮಾಡ್ಬ್ಯಾಡ."

"ಆತು" ಎಂದು ಅವಳು ಹತ್ತಿರದ ದಾರಿ ಹಿಡಿದು, ಅವನ ಬಾಗಿಲಿನಿಂದಲೇ ಹೋದಳು.