ಹಸಿರು ಇಂಜಿನ್ನೂ ಕೆಂಪು ಕೈಗವಸೂ

ಇಗರ್ಜಿ ದಿಬ್ಬದ ಅರ್ಧಕ್ಕೆ ಬಂದದ್ದೇ ಆರ್ವಿಡ್‌ನ ಲಾರಿ ಗೂರಲು ಹತ್ತಿದ ಮುದುಕನಂತೆ ಕೆಮ್ಮಿ ನಿಂತುಬಿಟ್ಟಿತು. ಬೆಳಗಿನ ಪರೀಕ್ಷಾ ಓಟದಲ್ಲೇ ಈ ಗತಿ. ಮಿನೆಸೋಟದ ಆ ಹಳ್ಳಿಯಲ್ಲಿ ಸಂಜೆಗೆ ಜುಲೈ ನಾಲ್ಕರ ಸ್ವಾತಂತ್ರ್ಯೋತ್ಸವದ ಮೆರವಣಿಗೆ. ಇಗರ್ಜಿಯ ಹೆಂಗಸರು ಕೂತು ಹಾಡುವ ಬಂಡಿಯನ್ನು ಎಳೆಯುವ ಹಕ್ಕು ಅವನಪ್ಪನ ಕಾಲದಿಂದ ಈ ಐವತ್ತನಾಲ್ಕನೇ ಇಸವಿಯ ಲಾರಿಯದು. ಹೋದ ವರ್ಷ ಇದೇ ದಿಬ್ಬದಲ್ಲಿ ಹೆಂಗಸರೇ ಇಳಿದು ಅದನ್ನು ತಳ್ಳಿದ್ದರು.

ಆ ಹೆಂಗಸರ ಮುಂದಾಳು ಅವನ ಹೆಂಡತಿ ಲವೋನ್. "ಇವತ್ತೂ ನಿಂತ್ರೆ ಇನ್ಮೇಲೆ ಪಕ್ಕದ್ಮನೆ ಎಲ್ರಾಯ್‌ನ ಟ್ರ್ಯಾಕ್ಟರೇ ಎಳೀತದೆ, ತಿಳ್ಕೊ," ಎಂದು ಹೇಳಿ, ಪೆಟ್ರೋಲ್ ಟ್ಯಾಂಕಿನ ಬಾಯಿಗೆ ತುರುಕಿದ್ದ ಕೆಂಪು ಕೈಗವಸಿನತ್ತ ಕೆಕ್ಕರಿಸಿ ನೋಡಿದಳು. ಅವಳೇ ಹೆಣೆದದ್ದು. ಮುಚ್ಚಳ ಕಳೆದ ಮೇಲೆ ಆರ್ವಿಡ್ ಕಂಡುಕೊಂಡ ಉಪಾಯ ಅದು. ಜೋಡಿಯ ಇನ್ನೊಂದು ಎಲ್ಲಿ ಹೋಯಿತೋ ಅವನಿಗೇ ಗೊತ್ತಿರಲಿಲ್ಲ.

ಲಾರಿಯನ್ನು ಶೆಡ್ಡಿಗೆ ತರುವಷ್ಟರಲ್ಲಿ ನೆರೆಯವರು ಕಾಫಿಯ ಫ್ಲಾಸ್ಕು, ಆಲೂಗಡ್ಡೆ ಸಾಲಡ್ಡಿನ ಬೋಗುಣಿ ಹಿಡಿದು ಜಮಾಯಿಸಿದ್ದರು. ಸಾವಿಗೂ ಮದುವೆಗೂ ಕೆಟ್ಟ ಇಂಜಿನ್ನಿಗೂ ಅವರು ಬರುವುದು ಹಾಗೆಯೇ. ನಿವೃತ್ತ ಮೆಕ್ಯಾನಿಕ್ ಪಾಮರ್ ಬಾನೆಟ್ಟಿಗೆ ಕಿವಿಯಿಟ್ಟು ತೀರ್ಪು ಕೊಟ್ಟ. "ಹೆಂಗಸರು ಭಾರ ಆಗಿದ್ದಾರೆ ಅಂತ ನಾನ್ ಹೇಳಲ್ಲಪ್ಪ. ಇಂಜಿನ್ ಚಿಕ್ಕದಾಯ್ತು."

ಈ ಲಾರಿಗಳಿಗೆ ಮೂರು ಬಗೆಯ ಇಂಜಿನ್ ಕೂರುತ್ತದೆ; ಘನ ಅಂಗುಲದ ಅಳತೆಯೇ ಅವುಗಳ ಹೆಸರು. ಇನ್ನೂರ ಹದಿನಾರು ಹಳೇ ಕಾಲದ್ದು, ಒಳಗೆ ಚಮಚದಲ್ಲಿ ಎರಚಿದಂತೆ ಎಣ್ಣೆ ಹಾರಿಸಿಕೊಂಡು ಬದುಕುವಂಥದ್ದು. ಅದನ್ನು ಯಾರೂ ಕೇಳುವುದಿಲ್ಲ. ಇನ್ನೂರ ಮೂವತ್ತೈದು ಮಧ್ಯಮ. ಇನ್ನೂರ ಅರವತ್ತೊಂದು ಭಾರ ಎಳೆಯುವ ಗೂಳಿ. ಕೊನೆಯ ಎರಡೂ ಹೊರಗಿನಿಂದ ಅವಳಿಜವಳಿ. ಜಿಡ್ಡಿನಡಿ ಎರಕದಲ್ಲೇ ಮೂಡಿದ ನಂಬರನ್ನು ಕೆರೆದು ನೋಡಿದರೆ ಮಾತ್ರ ಗೊತ್ತಾಗಬೇಕು. ಅಷ್ಟು ಕಷ್ಟ ಯಾಕೆಂದು ಊರಿನವರು ಬಣ್ಣ ನೋಡುತ್ತಿದ್ದರು: ಬೂದು ಬಣ್ಣದ್ದು ಮಧ್ಯಮ, ಹಸಿರು ದೊಡ್ಡದು. ಆರ್ವಿಡ್‌ನದು ಬೂದು.

ಹಸಿರು ಇಂಜಿನ್ ಎಲ್ರಾಯ್‌ನ ಕೊಟ್ಟಿಗೆಯಲ್ಲಿತ್ತು. ಬದಲಿಗೆ ಅವನು ಕೇಳಿದ್ದು ಆರ್ವಿಡ್‌ನ ಹಳೇ ಇಂಜಿನ್ನನ್ನು, ಜೊತೆಗೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಆರ್ವಿಡ್ ಮೀನು ಹಿಡಿಯಲು ಕೂರುವ ಗುಡಿಸಲನ್ನು, ಒಲೆ ಬೆಂಚು ಸಮೇತ. ಆರ್ವಿಡ್‌ಗೆ ಕರುಳು ಕಿತ್ತು ಕೊಟ್ಟಂತಾಯಿತು. ಚಿಂದಿಬಟ್ಟೆ, ಸ್ಕ್ರೂಡ್ರೈವರ್ ಹಿಡಿದು ಹಸಿರು ಇಂಜಿನ್ನಿನ ಮೇಲೆ ಬಗ್ಗಿದ.

"ಕೆರೆದು ನೋಡು, ನೋಡು," ಎಂದ ಎಲ್ರಾಯ್ ಮೆತ್ತಗೆ. "ನಾನೇನೂ ಅಂದ್ಕೊಳಲ್ಲ."

ಆ ಊರಿನಲ್ಲಿ ಹಾಗೆಂದರೆ ಸಾಯುವ ತನಕ ನೆನಪಿಡುತ್ತೇನೆ ಎಂದರ್ಥ. ನೆರೆಯವನ ಇಂಜಿನ್ ಕೆರೆಯುವುದೂ ಅವನನ್ನು ಸುಳ್ಳ ಅನ್ನುವುದೂ ಒಂದೇ. ಆರ್ವಿಡ್ ಆ ಚಿಂದಿಯಲ್ಲಿ ಮೂಗೊರೆಸಿಕೊಂಡು, ಬಣ್ಣ ಚೆನ್ನಾಗಿದೆ ಅಂದ.

ಆಮೇಲೆ ಶುರುವಾಯಿತು ರಂಪ. ಸರಪಳಿಗೆ ತೂಗಿದ ಬೂದು ಇಂಜಿನ್ ಓಲಾಡಿ ಸಾಲಡ್ಡಿನ ಬೋಗುಣಿಯಲ್ಲಿ ಕೂತಿತು. ಒಬ್ಬ ಬಿಗಿದ ನಟ್ಟನ್ನು ಇನ್ನೊಬ್ಬ ಸಡಿಲಿಸಿದ. ಕೊನೆಗೆ ಉಳಿದ ನಾಲ್ಕಾರು ಬೋಲ್ಟುಗಳನ್ನು ಪಾಮರ್, ಇವು ಮೊದಲಿಂದಲೂ ಹೆಚ್ಚಿಗೆಯವು ಎಂದು ಜೇಬಿಗಿಳಿಸಿದ. ಇಷ್ಟಾದರೂ ಹಸಿರು ಇಂಜಿನ್ ಬೆಣ್ಣೆಯ ಹಾಗೆ ಸ್ಟಾರ್ಟ್ ಆಯಿತು.

ಸಂಜೆ ಹೆಂಗಸರು ಬಂಡಿ ತುಂಬಿ ಹಾಡು ಹಿಡಿದರು. ದಿಬ್ಬದ ಅರ್ಧ. ಅದೇ ಜಾಗ, ಅದೇ ಕೆಮ್ಮು. ಹಾಡು ನಿಂತಿತು, ಲಾರಿಯೂ ನಿಂತಿತು.

ಲವೋನ್ ಇಳಿದು ಬಂದಳು. ಪೆಟ್ರೋಲಾದರೂ ಇದೆಯೋ ಎಂದು ಕೈಗವಸನ್ನು ಕಿತ್ತು, ಬಾವುಟದ ಕೋಲನ್ನು ಟ್ಯಾಂಕಿಗೆ ಇಳಿಸಿ ಕಲಕಿದಳು. ಕೋಲಿನ ತುದಿಗೆ ಸಿಕ್ಕಿಕೊಂಡು ಮೇಲೆ ಬಂತು ಇನ್ನೊಂದು ಕೈಗವಸು. ಏರು ಸಿಕ್ಕಿದಾಗೆಲ್ಲ ಅದು ಒಳಗೇ ಜಾರಿ ಪೆಟ್ರೋಲ್ ಕೊಳವೆಯ ಬಾಯಿ ಮುಚ್ಚುತ್ತಿತ್ತು.

"ಜೋಡಿ ಸಿಕ್ಕಿತು," ಎಂದಳು. ಅಷ್ಟೇ. ಎಲ್ರಾಯ್‌ನ ಟ್ರ್ಯಾಕ್ಟರನ್ನು ಅಷ್ಟರಲ್ಲೇ ಬಂಡಿಗೆ ಹೂಡಿಯಾಗಿತ್ತು.

ಹೂಡಿದ ಎಲ್ರಾಯ್ ಆರ್ವಿಡ್‌ನ ಹತ್ತಿರ ಬಂದು ನಿಂತ. "ನಿನ್ನ ಬೂದು ಇಂಜಿನ್ ಈಗ ನಂದಾಯ್ತಲ್ಲ, ಕೆರೆದು ನೋಡಿದೆ. ಇನ್ನೂರ ಅರವತ್ತೊಂದು. ಜಂಬ ಅಂತ ಜನ ಆಡ್ಕೊತಾರೆ ಅಂತ ನಿಮ್ಮಪ್ಪ ಬೂದು ಬಳಿದಿರಬೇಕು."

ಆರ್ವಿಡ್ ಬಾನೆಟ್ಟಿನತ್ತ ತಿರುಗಿ ನೋಡಿದ. "ಹಾಗಾದ್ರೆ ನನಗೆ ಕೊಟ್ಟ ಹಸಿರಿನ ನಂಬರು?"

"ಇನ್ನೂರ ಮೂವತ್ತೈದೇ. ಟ್ರ್ಯಾಕ್ಟರಿಗೆ ಬಳಿದ ಬಣ್ಣ ಡಬ್ಬಿಯಲ್ಲಿ ಸ್ವಲ್ಪ ಉಳಿದಿತ್ತು. ನೀನು ಕೇಳಿದ್ರೆ ಹೇಳ್ತಿದ್ದೆ."

ಆರ್ವಿಡ್, ಒಳ್ಳೇದಾಯ್ತು ಬಿಡು ಎಂದ. ಆ ಊರಿನವರಿಗೆ ಬೇರೆ ಬೈಗುಳ ಬರುವುದಿಲ್ಲ.

ಎಲ್ರಾಯ್ ಅವನ ಬೆನ್ನು ತಟ್ಟಿದ. "ಚಳಿಗಾಲದಲ್ಲಿ ಮೀನಿಗೆ ಬಾ ಮಾರಾಯ. ಗುಡಿಸಲಲ್ಲಿ ಒಲೆ ಇದೆ, ಬೆಂಚ್ ಇದೆ. ಕೈಗವಸು ಮಾತ್ರ ನಿಂದೇ ತಗೊಂಡ್ ಬಾ."