ಒಂಬತ್ತು ಅಣಬೆ ಜಾಗಗಳ ಉಯಿಲು

ಆಗಸ್ಟ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಮೇಜು ಗುದ್ದಿ ಘೋಷಣೆ ಮಾಡಿದೆ: "ಎಲ್ವೀರಾ, ಹಳೇ ಉಯಿಲು ರದ್ದು. ಹೊಸದು ಬರೀತೀನಿ. ಒಂದೇ ವಾರ. ಅಚ್ಚುಕಟ್ಟಾಗಿ, ಗುಟ್ಟಾಗಿ, ಒಂದು ನರಪಿಳ್ಳೆಗೂ ಗೊತ್ತಾಗದ ಹಾಗೆ."

ನನ್ನ ಹೆಂಡತಿ ಬೀಟ್‌ರೂಟ್ ಸಾರಿನ ಬಟ್ಟಲು ಎತ್ತುತ್ತಾ, "ಮೇಜು ಗುದ್ದಬೇಡ, ಕಾಲು ಅಲ್ಲಾಡ್ತಿದೆ. ಅದನ್ನ ಸರಿ ಮಾಡ್ತೀನಿ ಅಂದಿದ್ದೂ ಒಂದೇ ವಾರದಲ್ಲೇ" ಎಂದಳು.

ಇಂಥ ಮಾತಿಗೆಲ್ಲ ಹೆದರುವ ಗಂಡಸು ನಾನಲ್ಲ. ಮೂವತ್ತನಾಲ್ಕು ವರ್ಷ ಸರ್ವೇಯರ್ ಆಗಿ ಅರ್ಧ ಲಿಥುವೇನಿಯಾವನ್ನು ಸರಪಳಿ ಹಿಡಿದು ಅಳೆದವನು. ಅಂಥವನಿಗೆ ಒಂದು ಹಾಳೆ ಉಯಿಲು ಯಾವ ಲೆಕ್ಕ?

ಉಯಿಲು ಬರೆಯುವಷ್ಟು ಆಸ್ತಿ ಏನಿದೆ ಎಂದು ನೀವು ಕೇಳಬಹುದು. ಮನೆ ಎಲ್ವೀರಾಳದು, ಅವಳಪ್ಪ ಕೊಟ್ಟದ್ದು. ಮೇಜಿನ ಕಥೆ ಈಗಷ್ಟೇ ಕೇಳಿದಿರಿ. ನನ್ನ ಸ್ವಂತ ಆಸ್ತಿ ಎಂದರೆ ಒಂಬತ್ತು ಜಾಗಗಳು. ಊರಾಚೆಯ ಪೈನ್ ಕಾಡಿನಲ್ಲಿ ಬರಾವಿಕಾಸ್ ಏಳುವ ಒಂಬತ್ತು ಜಾಗಗಳು! ಬರಾವಿಕಾಸ್ ಅಂದರೆ ಅಣಬೆಗಳ ರಾಜ. ಕಂದು ಟೋಪಿ, ದಪ್ಪ ಬಿಳಿ ಕಾಲು, ಒಣಗಿಸಿಟ್ಟರೆ ಕ್ರಿಸ್ಮಸ್‌ವರೆಗೂ ಮನೆ ತುಂಬ ಪರಿಮಳ. ಕಾಡು ಸರ್ಕಾರದ್ದು, ನಿಜ. ಆದರೆ ಎಲ್ಲಿ ಏಳುತ್ತದೆ ಎಂಬ ತಿಳಿವಳಿಕೆ ನನ್ನದು. ನಮ್ಮಲ್ಲಿ ಮನುಷ್ಯ ತನ್ನ ಸಂಬಳ ಹೇಳಿಯಾನು, ಕಾಯಿಲೆ ಹೇಳಿಯಾನು, ಅಣಬೆಯ ಜಾಗ ಮಾತ್ರ ಪಾದ್ರಿಯ ಮುಂದೆ ಮೊಣಕಾಲೂರಿದಾಗಲೂ ಬಾಯಿ ಬಿಡುವುದಿಲ್ಲ.

ಹನ್ನೆರಡು ವರ್ಷದ ಹಿಂದೆ ಬರೆದ ಉಯಿಲಿನಲ್ಲಿ ಈ ಸಾಮ್ರಾಜ್ಯವನ್ನು ಎಲ್ವೀರಾಳ ತಮ್ಮ ಫೆಲಿಕ್ಸಾಸನಿಗೆ ಕೊಟ್ಟಿದ್ದೆ. ಮೂವತ್ತು ವರ್ಷ ನಾವಿಬ್ಬರೂ ಜೊತೆಯಾಗಿ ಕಾಡಿಗೆ ಹೋದವರು. ಜೊತೆ ಅಂದರೆ ಕಾಡಿನ ಅಂಚಿನವರೆಗೆ. ಅಲ್ಲಿಂದ ಅವನ ದಾರಿ ಅವನಿಗೆ, ನನ್ನ ದಾರಿ ನನಗೆ. ಮರ್ಯಾದಸ್ಥರು ಹಾಗೇ ಹೋಗುವುದು.

ಆದರೆ ಹೋದ ವರ್ಷ ನನ್ನ ಎಪ್ಪತ್ತನೇ ಹುಟ್ಟುಹಬ್ಬದ ದಿನ, ಇಪ್ಪತ್ತು ಜನ ನೆಂಟರ ಎದುರು ಆ ಮನುಷ್ಯ ಹೇಳಿದ: "ಅಣಬೆನ ಚಾಕುವಲ್ಲಿ ಕೊಯ್ಯೋದು ತಪ್ಪು ಬಾವ. ಮೆಲ್ಲಗೆ ತಿರುಚಿ ಕೀಳಬೇಕು."

"ಕೀಳೋದಾ? ಬುಡಸಮೇತ?"

"ಬುಡಸಮೇತ. ನಮ್ಮಪ್ಪ ಹಾಗೇ ಮಾಡ್ತಿದ್ರು."

ಆವತ್ತಿನಿಂದ ಮಾತುಕತೆ ಬಂದ್. ಕೀಳುವವನ ಕೈಗೆ ನನ್ನ ಒಂಬತ್ತು ಜಾಗ ಕೊಡುವುದೆಂದರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ. ಒಂದು ವರ್ಷ ಒಬ್ಬನೇ ಕಾಡಿಗೆ ಹೋದೆ. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸಿದ್ಧಾಂತ ಅಂದರೆ ಸಿದ್ಧಾಂತ.

"ಹೊಸ ಉಯಿಲು ಯಾರ ಹೆಸರಿಗೆ?" ಎಂದಳು ಎಲ್ವೀರಾ.

"ನಿನ್ನ ಹೆಸರಿಗೆ" ಎಂದೆ, ರಾಜ್ಯ ದಾನ ಕೊಡುವ ಗತ್ತಿನಲ್ಲಿ.

ಅವಳು ಕೈಯಲ್ಲಿದ್ದ ಬಟ್ಟಲನ್ನು ಮತ್ತೆ ಮೇಜಿನ ಮೇಲಿಟ್ಟು ನನ್ನನ್ನು ನೋಡಿದಳು. "ಆ ಜಾಗಗಳನ್ನ ನೀನು ನನಗೆ ಬರೆದು ಕೊಡ್ತೀಯಾ?"

"ಹೂಂ. ಕಣ್ಣಲ್ಲಿ ನೀರು ಬಂತಾ?"

"ಇಲ್ಲ, ಈರುಳ್ಳಿ."

ಮರುದಿನವೇ ಕಂಪ್ಯೂಟರಿನಲ್ಲಿ ಒಂದು ಹಾಳೆ ಟೈಪ್ ಮಾಡಿ, ಬಣ್ಣದ ನಕ್ಷೆ ಸೇರಿಸಿ, ಲಕೋಟೆಯೊಳಗಿಟ್ಟು ಪಟ್ಟಣದ ನೋಟರಿಯ ಬಳಿ ಹೋದೆ. ಮೂವತ್ತರ ಹೆಣ್ಣುಮಗಳು. ಲಕೋಟೆ ಒಡೆಯಲು ನಾನು ಬಿಡಲಿಲ್ಲ.

"ಓದದೇ ನಾನು ಏನು ಹೇಳಲಿ?" ಎಂದಳು.

"ಸರಿ ಇದೆ ಅಂತ ಹೇಳಿ ಸಾಕು."

"ಟೈಪ್ ಮಾಡಿದ್ದೀರಾ? ಹಾಗಾದ್ರೆ ಸರಿ ಇಲ್ಲ. ಮನೇಲಿ ಬರೆಯೋ ಉಯಿಲು ಪೂರ್ತಿ ನಿಮ್ಮ ಕೈಬರಹದಲ್ಲೇ ಇರಬೇಕು. ಊರು, ತಾರೀಖು, ಸಹಿ ಎಲ್ಲ. ಹಳೇದು ರದ್ದು ಅಂತಾನೂ ಬರೀರಿ. ಅಷ್ಟು ಕಷ್ಟ ಯಾಕೆ, ಇಲ್ಲೇ ಹೇಳಿ, ನಾನೇ ತಯಾರು ಮಾಡ್ತೀನಿ."

"ನಿಮ್ಮ ತಾಯಿ ಕಡೆಯವರು ಯಾವೂರು?"

ಅವಳು ನಮ್ಮ ಪಕ್ಕದ ಹಳ್ಳಿಯ ಹೆಸರು ಹೇಳಿದಳು. ನಾನು ಲಕೋಟೆ ಎತ್ತಿಕೊಂಡು ಹೊರಬಂದೆ.

ಹೀಗೆ ಶುರುವಾಯಿತು ನನ್ನ ಕೈಬರಹದ ಮಹಾಯಜ್ಞ. ದಪ್ಪನೆಯ ಬೆಲೆಬಾಳುವ ಕಾಗದ ತಂದೆ. ಒಂದು ಚಿತ್ತಾದರೂ ಇಡೀ ಹಾಳೆ ಬೇಡ ಎಂಬುದು ನನ್ನ ನಿಯಮ. ಮೊದಲ ಪ್ರತಿಯಲ್ಲಿ ತಾರೀಖು ತಪ್ಪಿತು. ಎರಡನೆಯದರ ಮೇಲೆ ಕಾಫಿ ಚೆಲ್ಲಿತು. ಮೂರನೆಯದರಲ್ಲಿ ಫೆಲಿಕ್ಸಾಸನ ಬಗ್ಗೆ ಬರೆದ ವಾಕ್ಯ ಸ್ವಲ್ಪ ಉದ್ದವಾಗಿ, ಒಂಬತ್ತನೇ ಜಾಗಕ್ಕೆ ಜಾಗ ಸಾಲದೆ ಅಂಚಿನಲ್ಲಿ ತುರುಕಬೇಕಾಯಿತು. ಹೀಗೆ ಏಳು ಹಾಳೆ ಒಲೆಯ ಪಕ್ಕದ ಸೌದೆ ಬುಟ್ಟಿಗೆ ಬಿದ್ದವು. ಎಂಟನೆಯದು ಮುತ್ತಿನಂಥ ಅಕ್ಷರಗಳಲ್ಲಿ ಮೂಡಿತು. ಅದನ್ನು ಗೋಡೆ ಗಡಿಯಾರದ ಹಿಂದೆ ಬಚ್ಚಿಟ್ಟು, ಗೆದ್ದವನಂತೆ ನಿದ್ದೆ ಮಾಡಿದೆ.

ಸೆಪ್ಟೆಂಬರಿನಲ್ಲಿ ಮೇರಿಯಮ್ಮನ ಹಬ್ಬದ ಭಾನುವಾರ ಚರ್ಚಿನ ಅಂಗಳದಲ್ಲಿ ಮಾರಾಟವಿತ್ತು. ಎಲ್ವೀರಾ ತನ್ನ ಉಪ್ಪಿನಲ್ಲಿ ಹಾಕಿದ ಅಣಬೆಯ ಜಾಡಿಗಳನ್ನು ಒಯ್ದು, ಖಾಲಿ ಕೈಯಲ್ಲಿ ನಗುತ್ತಾ ವಾಪಸು ಬಂದಳು.

ಸೋಮವಾರದಿಂದ ಊರಿಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು.

ಬ್ರೆಡ್ ಅಂಗಡಿಯವನು ಕೇಳಿದ: "ಹೇಗಿದ್ದೀರಾ ಜೆನೋನಾಸ್ ಅವ್ರೇ? ಬಿ.ಪಿ. ಏನಾದ್ರೂ?" ಬಸ್ಸಿನ ಡ್ರೈವರ್ ಕೇಳಿದ: "ಎದೆ ನೋವು ಗಿದೆ ನೋವು ಇದೆಯಾ?" ಇಲ್ಲ ಎಂದಾಗ ಅವನ ಮುಖ ಕೊಂಚ ಬಾಡಿತು. ಪಾದ್ರಿಗಳು ನನ್ನ ಕೈಯನ್ನು ನಾಡಿ ನೋಡುವ ಹಾಗೆ ಬಹಳ ಹೊತ್ತು ಹಿಡಿದುಕೊಂಡರು. "ವಯಸ್ಸಾಯ್ತಲ್ಲ ಮಗೂ, ಆತ್ಮದ ಕಡೆ ಗಮನ ಇರಲಿ. ಕಾಡು ಮೇಡು ಅಂತ ಇನ್ನು ಜಾಸ್ತಿ ಅಲೆಯಬೇಡ" ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ: "ನೋಡಿದ್ಯಾ? ಊರಿಗೆ ನನ್ನ ಬೆಲೆ ಈಗ ಗೊತ್ತಾಗಿದೆ."

"ಒಂದೇ ದಿನದಲ್ಲಾ? ನನಗೆ ನಲವತ್ತು ವರ್ಷದಲ್ಲಿ ಗೊತ್ತಾಗಿಲ್ಲ" ಎಂದಳು ಅವಳು.

ಬುಧವಾರ ಸಂಜೆ ಅಂಚೆ ಕಚೇರಿಯ ಒನುತೆ ಬೇಲಿಯ ಮೇಲೆ ಮೊಣಕೈಯೂರಿ ನಿಂತಳು. ನನ್ನ ಮಂಡಿ, ಶ್ವಾಸಕೋಶ, ಜೀರ್ಣಶಕ್ತಿ ಎಲ್ಲವನ್ನೂ ವಿಚಾರಿಸಿದ ಮೇಲೆ ಮೆಲ್ಲಗೆ ಕೇಳಿದಳು: "ಅಲ್ಲ, ಆ ಸಿಡಿಲು ಬಡಿದ ಬರ್ಚ್ ಮರದಿಂದ ನಲವತ್ತು ಹೆಜ್ಜೆ ಅಂತ ಬರೆದಿದ್ದೀರಲ್ಲ, ಅದು ನಿಮ್ಮ ಹೆಜ್ಜೆನೋ, ನನ್ನಂಥವಳ ಹೆಜ್ಜೆನೋ?"

ಅವಳನ್ನು ಬೇಲಿಯ ಬಳಿಯೇ ಬಿಟ್ಟು ಒಳಗೆ ಓಡಿದೆ. ಸಿಡಿಲು ಬಡಿದ ಬರ್ಚ್ ಮರ ನನ್ನ ನಾಲ್ಕನೇ ಜಾಗ!

"ಎಲ್ವೀರಾ! ಸೌದೆ ಬುಟ್ಟಿಯಲ್ಲಿದ್ದ ಕಾಗದ ಎಲ್ಲಿ?"

"ಆ ದಪ್ಪ ಹಾಳೆಗಳಾ? ಒಲೆಗೆ ಹಾಕೋಕೆ ಮನಸ್ಸು ಬರಲಿಲ್ಲ. ಜಾಡಿಗೆ ಸುತ್ತಿ ಕೊಟ್ಟೆ. ಏಳು ಜಾಡಿ, ಏಳು ಹಾಳೆ, ಸರಿಯಾಗಿ ಹೊಂದ್ತು."

"ಅದರಲ್ಲಿ ಏನು ಬರೆದಿದೆ ಅಂತ ನೋಡೋದಲ್ವಾ?"

"ಕನ್ನಡಕ ಇರಲಿಲ್ಲ. ನಿನ್ನ ಕವಿತೆ ಅಂದ್ಕೊಂಡೆ. ಊರಿಗೆ ಹೋದ್ರೆ ಹೋಗ್ಲಿ ಅಂತ ಬಿಟ್ಟೆ."

ಮರುದಿನ ಬೆಳಗ್ಗೆ ಕಾಡಿಗೆ ಓಡಿದೆ. ನನ್ನ ಮರಣಾನಂತರ ಎಂದು ಏಳು ಹಾಳೆಯಲ್ಲೂ ಸ್ಪಷ್ಟವಾಗಿ ಬರೆದಿದ್ದೆ. ಮೂರು ದಿನ ಕಾದಿದ್ದ ಜನಕ್ಕೆ ಅದಕ್ಕಿಂತ ಜಾಸ್ತಿ ತಾಳ್ಮೆ ಇರಲಿಲ್ಲ. ಮೊದಲ ಜಾಗದಲ್ಲಿ ಬ್ರೆಡ್ ಅಂಗಡಿಯವನು, ಹೆಂಡತಿ, ಅತ್ತೆ. ಮೂರನೆಯದರಲ್ಲಿ ಬಸ್ಸು ನಿಲ್ಲಿಸಿ ಬಂದಿದ್ದ ಡ್ರೈವರ್. ನಾಲ್ಕನೆಯದರಲ್ಲಿ ಒನುತೆ ಗಟ್ಟಿಯಾಗಿ ಹೆಜ್ಜೆ ಎಣಿಸುತ್ತಿದ್ದಳು. ಆರನೆಯದರಲ್ಲಿ ಪಾದ್ರಿಗಳು ನಿಲುವಂಗಿ ಎತ್ತಿ ಕಟ್ಟಿ ಪಾಚಿಯ ಮೇಲೆ ಬಗ್ಗಿದ್ದರು. ನನ್ನನ್ನು ಕಂಡು, "ಪ್ರಾರ್ಥನೆ ಮಾಡ್ತಿದ್ದೆ" ಎಂದರು. ಬುಟ್ಟಿ ತುಂಬಿತ್ತು.

ನಲವತ್ತು ವರ್ಷ ಕಾಪಾಡಿದ ಗುಟ್ಟು ಏಳು ಉಪ್ಪಿನ ಜಾಡಿಗೆ ಹೋಯಿತಲ್ಲ ಎಂದು ನಿಜಕ್ಕೂ ಅಳು ಬಂತು. ಒಂಬತ್ತನೆಯದಾದರೂ ಉಳಿದಿರಲಿ ಎಂದು ಜೌಗು ದಾಟಿ ಹೋದೆ. ಅಲ್ಲಿ ಫೆಲಿಕ್ಸಾಸ್ ನಿಂತಿದ್ದ. ಕೈಯಲ್ಲಿ ಬುಟ್ಟಿ ಇಲ್ಲ, ಒಂದು ದೊಣ್ಣೆ ಇತ್ತು.

"ಏನು ಮಾಡ್ತಿದ್ದೀಯ ಇಲ್ಲಿ?" ಎಂದೆ. ಒಂದು ವರ್ಷದ ಮೇಲೆ ಅವನೊಡನೆ ಆಡಿದ ಮೊದಲ ಮಾತು.

"ಬಂದವರನ್ನ ವಾಪಸ್ ಕಳಿಸ್ತಿದ್ದೀನಿ. ನಮ್ಮ ಬಾವ ಇನ್ನೂ ಬದುಕಿದಾನೆ, ಹೋಗಿ ಅಂತ."

"ನಿನಗೆ ಸಿಕ್ಕಿದ್ದು ಯಾವ ಹಾಳೆ?"

ಅವನು ಜೇಬಿನಿಂದ ತೆಗೆದ. ಮೂರನೆಯದೇ! 'ಆಡಿನಂತೆ ಬುಡಸಮೇತ ಕೀಳುವ, ತಿಳಿಗೇಡಿಯಾದ, ಹಟಮಾರಿಯಾದ ಫೆಲಿಕ್ಸಾಸನಿಗೆ ಏನೇನೂ ಇಲ್ಲ' ಎಂಬ ವಾಕ್ಯ ಇದ್ದ ಹಾಳೆ.

"ಓದಿದ್ಯಾ?"

"ಓದಿದೆ. ಅಕ್ಷರ ಚೆನ್ನಾಗಿದೆ ಬಾವ."

ನಾಚಿಕೆಯಿಂದ ನನಗೆ ತಲೆ ಎತ್ತಲು ಆಗಲಿಲ್ಲ. ಅವನ ಕಾಲ ಬಳಿ ಹದಿನಾಲ್ಕು ಬರಾವಿಕಾಸ್ ನಿಂತಿದ್ದವು. ಒಂದನ್ನೂ ಅವನು ಮುಟ್ಟಿರಲಿಲ್ಲ. ಏಳು ನಾನು ಕೊಯ್ದೆ, ಏಳು ಅವನು ಕಿತ್ತ. ಹದಿನಾಲ್ಕನ್ನೂ ನನ್ನ ಬುಟ್ಟಿಗೇ ಹಾಕಿಕೊಂಡೆವು.

ಫೆಲಿಕ್ಸಾಸನ ಜೊತೆ ಮನೆಗೆ ಬಂದು ಬುಟ್ಟಿಯನ್ನು ಎಲ್ವೀರಾಳ ಮುಂದಿಟ್ಟು, ಮೇಜಿನ ಮೇಲೆ ತಲೆಯಿಟ್ಟು ಕೂತೆ. "ನಿನಗೆ ಬಿಟ್ಟುಹೋಗೋಕೆ ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ."

ಅವಳು ನಮ್ಮಿಬ್ಬರಿಗೂ ಚಹಾ ಕೊಟ್ಟು ಎದುರಿಗೆ ಕೂತಳು. "ಹೋಗ್ಲಿ ಬಿಡು. ಅವು ನಮ್ಮಪ್ಪನ ಜಾಗಗಳು. ಏಳು ವರ್ಷದವಳಿದ್ದಾಗಲೇ ನನ್ನ ಕೈ ಹಿಡಿದು ಒಂದೊಂದೂ ತೋರಿಸಿದ್ರು. ಫೆಲಿಕ್ಸಾಸ್ ಆಗ ತೊಟ್ಟಿಲಲ್ಲಿದ್ದ."

"ಸುಳ್ಳು! ನಾನೇ ಹುಡುಕಿದ್ದು ಅವನ್ನ!"

"ಮದುವೆಯಾದ ಹೊಸದರಲ್ಲಿ ದಿನಾ ನಿನ್ನ ತಿರುಗಾಡೋಕೆ ಕಳಿಸ್ತಿದ್ದವರು ಯಾರು? ಇವತ್ತು ಜೌಗಿನ ಕಡೆ ಹೋಗು, ಗಾಳಿ ಚೆನ್ನಾಗಿದೆ ಅಂತ ಹೇಳ್ತಿದ್ದವರು ಯಾರು? ಗಂಡಸು ತಾನೇ ಕಂಡುಹಿಡಿದೆ ಅಂದ್ಕೊಂಡ್ರೆ ಖುಷಿಯಾಗಿರ್ತಾನೆ ಅಂತ ಅಮ್ಮ ಹೇಳಿದ್ಲು."

ನಲವತ್ತು ವರ್ಷದ ಅನ್ವೇಷಣೆ ಒಂದು ಲೋಟ ಚಹಾದ ಮುಂದೆ ಮುಗಿದುಹೋಯಿತು. ಫೆಲಿಕ್ಸಾಸ್ ಕೆಮ್ಮುವ ನೆಪದಲ್ಲಿ ಮುಖ ತಿರುಗಿಸಿಕೊಂಡ.

"ಅಪ್ಪ ತೋರಿಸಿದ್ದು ಹನ್ನೆರಡು" ಎಂದಳು ಎಲ್ವೀರಾ. "ನಿನಗೆ ಒಂಬತ್ತು ಸಿಕ್ಕಿತ್ತು ಅಷ್ಟೇ."

ಫೆಲಿಕ್ಸಾಸನೂ ನಾನೂ ಒಟ್ಟಿಗೆ ಮುಂದಕ್ಕೆ ಬಾಗಿದೆವು. "ಉಳಿದ ಮೂರು ಎಲ್ಲಿ?"

"ನನ್ನ ಉಯಿಲಿನಲ್ಲಿ."

"ಯಾರ ಹೆಸರಿಗೆ?" ಎಂದ ಅವನು. "ಕೊಯ್ಯೋನಿಗಾ, ಕೀಳೋನಿಗಾ?" ಎಂದೆ ನಾನು.

ಎಲ್ವೀರಾ ಮಣ್ಣು, ಪಾಚಿ, ಹುಳ ಸಮೇತ ಇದ್ದ ಬುಟ್ಟಿಯನ್ನು ನಮ್ಮಿಬ್ಬರ ನಡುವೆ ತಳ್ಳಿದಳು. "ಕೊಯ್ದರೆಷ್ಟು, ಕಿತ್ತರೆಷ್ಟು? ನಲವತ್ತು ವರ್ಷದಿಂದ ಇದನ್ನ ಕೂತು ಬಿಡಿಸಿ ತೊಳೆದವಳು ನಾನು. ಹೆಸರು ಬರೆಯೋ ಜಾಗ ಇನ್ನೂ ಖಾಲಿ ಬಿಟ್ಟಿದ್ದೀನಿ" ಎಂದು ಹೇಳಿ, ಕನ್ನಡಕ ಹಾಕಿಕೊಂಡು ಪೇಪರ್ ಓದಲು ಕೂತಳು.

ಫೆಲಿಕ್ಸಾಸ್ ನೀರು ತರಲು ಎದ್ದ. ಅವನಿಗಿಂತ ಮೊದಲೇ ನಾನು ಬಕೆಟ್ ಹಿಡಿದಿದ್ದೆ.